ನಮ್ಮ ಪ್ಲೇಟಿನಲ್ಲಿ ಇಲ್ಲದ ಹಾಡು

ರಾಗಿಗುಡ್ಡದ ಹತ್ತಿರ ಸಂಧ್ಯಾ ಎಂಬ ಹುಡುಗಿ ಒಂದು ಅಂಗಡಿ ತೆರೆದಿದ್ದಾಳೆ. ಜನರ ಹಳೇ ಕ್ಯಾಸೆಟ್ಟು, ಗ್ರಾಮಫೋನ್ ಪ್ಲೇಟುಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿನಲ್ಲಿ ಹಾಕಿಕೊಡುವುದು ಅವಳ ಕೆಲಸ. ಹೋದ ವರ್ಷ ನನ್ನನ್ನು ಹುಡುಕಿಕೊಂಡು ಮಲವಗೊಪ್ಪದ ಮನೆಗೆ ಬಂದಳು. "ಅಂಕಲ್, ಶಿವಮೊಗ್ಗದಲ್ಲಿ ರೆಕಾರ್ಡಿಂಗ್ ಅಂದ್ರೆ ಎಲ್ರೂ ರುದ್ರೇಶಣ್ಣ ಅಂತಾರೆ. ನಮ್ಮಂಥೋರಿಗೆ ಈ ಕೆಲಸದ ಬಗ್ಗೆ ಒಂದಿಷ್ಟು ಬರೆದುಕೊಡಿ" ಎಂದಳು. ಹೊಗಳಿದರೆ ಬೇಗ ಕರಗುವ ಮನುಷ್ಯ ನಾನು, ಆಯ್ತಮ್ಮ ಎಂದೆ. ಆಮೇಲೆ ಒಂದು ವರ್ಷ ಅವಳನ್ನು ಸತಾಯಿಸಿದೆ. ಈಗ ಬರೆಯಲು ಕೂತಿರುವುದಕ್ಕೆ ಕಾರಣವೇ ಬೇರೆ. ಅದನ್ನು ಮೊದಲೇ ಹೇಳಿಬಿಟ್ಟರೆ ನೀವು ಮುಂದೆ ಓದುವುದಿಲ್ಲ, ನಾನೂ ಬರೆಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಗಾಂಧಿ ಬಜಾರಿನ ಅಡ್ಡರಸ್ತೆಯಲ್ಲಿದ್ದ ಇಸ್ಮಾಯಿಲ್ ಸಾಹೇಬರ ಅಂಗಡಿಗೆ. ಉದ್ದಕ್ಕೆ ಹತ್ತು ಹೆಜ್ಜೆ, ಅಗಲಕ್ಕೆ ನಾಲ್ಕು. ಗೋಡೆ ತುಂಬ ಪ್ಲೇಟುಗಳು. ಗಿರಾಕಿ ಖಾಲಿ ಕ್ಯಾಸೆಟ್ಟು ತರುತ್ತಿದ್ದ, ಬೇಕಾದ ಹಾಡುಗಳ ಪಟ್ಟಿ ಕೊಡುತ್ತಿದ್ದ. ನಾವು ಪ್ಲೇಟಿನಿಂದ ಒಂದೊಂದೇ ಹಾಡನ್ನು ಕ್ಯಾಸೆಟ್ಟಿಗೆ ಇಳಿಸುತ್ತಿದ್ದೆವು. ಕಾನೂನಿನ ಪ್ರಕಾರ ಅದು ಸರಿಯೋ ತಪ್ಪೋ ಆಗ ಯಾರೂ ಕೇಳಲಿಲ್ಲ, ನಾವೂ ಯೋಚಿಸಲಿಲ್ಲ. ಅರ್ಧ ಗಂಟೆಯ ಹಾಡಿಗೆ ಅರ್ಧ ಗಂಟೆಯೇ ಬೇಕು. ಈಗಿನ ಹಾಗೆ ಬೆರಳು ಒತ್ತಿ ಟೀ ಕುಡಿಯಲು ಹೋಗುವಂತಿರಲಿಲ್ಲ. ಮುಳ್ಳು ಹಾರೀತು, ಕರೆಂಟು ಹೋದೀತು ಅಂತ ಎದುರಿಗೇ ಕೂತಿರಬೇಕು.

ಸಾಹೇಬರು ಸಣಕಲು ದೇಹದವರು, ಕೈಯಲ್ಲಿ ಸದಾ ಒಂದು ಪೆನ್ಸಿಲ್. ಕ್ಯಾಸೆಟ್ಟಿನ ಟೇಪು ಸಡಿಲವಾದರೆ ಅದನ್ನೇ ತೂತಿಗೆ ಹಾಕಿ ತಿರುಗಿಸುತ್ತಿದ್ದರು. ಅಂಗಡಿಗೆ ಹೊಸ ಪ್ಲೇಟು ಬಂದರೆ, ಒಳಗಿನ ಬಿಳೀ ಕಾಗದದ ಕವರಿನ ಮೂಲೆಯಲ್ಲಿ ಅದೇ ಪೆನ್ಸಿಲಿನಿಂದ ತಾರೀಖು ಬರೆಯುತ್ತಿದ್ದರು. ತಾರೀಖಿನ ಕೆಳಗೆ, ಯಾರಾದರೂ ಗಿರಾಕಿ ಆ ಪ್ಲೇಟನ್ನು ಕೇಳಿದ್ದರೆ ಅವರ ಹೆಸರು. "ಕೇಳಿದೋರ್ನ ಮರೀಬಾರ್ದು ಬೇಟಾ" ಎನ್ನುತ್ತಿದ್ದರು. ಯಾವುದೇ ಪ್ಲೇಟಿನ ಒಳಕವರು ತೆಗೆದರೂ ಅವರ ದುಂಡು ಕನ್ನಡ ಅಕ್ಷರ ಇರುತ್ತಿತ್ತು.

ನನ್ನದು ಇನ್ನೊಂದು ಹುಚ್ಚು. ಅಂಗಡಿಯ ಪ್ಲೇಟುಗಳ ಎಲ್ಲ ಹಾಡನ್ನೂ ನಂಬರು ಹಾಕಿ, ನಿಮಿಷ ಸೆಕೆಂಡು ಸಮೇತ ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಗಿರಾಕಿಗಳು ಅದನ್ನು ನೋಡಿ ನಂಬರು ಹೇಳಿದರೆ ಸಾಕಿತ್ತು. ಕಾಲೇಜು ಹುಡುಗರು ಯಾವ ಹಾಡು ಯಾವ ಪ್ಲೇಟಿನದು ಅಂತ ಬಾಜಿ ಕಟ್ಟಿಕೊಂಡು ತೀರ್ಪಿಗೆ ನನ್ನ ಹತ್ತಿರ ಬರುತ್ತಿದ್ದರು. ನಾನು ನೋಟ್‌ಬುಕ್ಕು ತೆರೆಯುವ ಸ್ಟೈಲು ನೋಡಬೇಕಿತ್ತು! ಅದರಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅನ್ನುವಷ್ಟು ಕೊಬ್ಬು ಬೆಳೆದಿತ್ತು.

ಮೊದಲ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಹೊಳೆ ಆಚೆಯ ಒಬ್ಬರು ಗೃಹಪ್ರವೇಶಕ್ಕೆ ದೇವರ ನಾಮಗಳನ್ನು ತುಂಬಿಸಿಕೊಡಿ ಎಂದು ಕ್ಯಾಸೆಟ್ಟು ಕೊಟ್ಟಿದ್ದರು. ಕೊನೆಗೆ ಎರಡು ನಿಮಿಷ ಜಾಗ ಉಳಿಯಿತು. ಉಳಿದ ಜಾಗಕ್ಕೆ ಬರೀ ವಾದ್ಯದ ತುಣುಕು ಹಾಕುವುದು ನಮ್ಮ ರೂಢಿ. ವೀಣೆಯ ಪ್ಲೇಟು ಎಂದು ಕವರು ನೋಡಿ ಒಂದನ್ನು ಹಾಕಿ, ಹೆಡ್‌ಫೋನು ಕಿವಿಗೆ ಇಟ್ಟುಕೊಳ್ಳದೆ ಪಕ್ಕದ ಅಂಗಡಿಯವನ ಜೊತೆ ಹರಟುತ್ತಾ ಕೂತೆ. ಯಾರೋ ಕವರು ಅದಲುಬದಲು ಮಾಡಿದ್ದರು. ಪೂರ್ಣಾಹುತಿಯ ಹೊತ್ತಿಗೆ ಅಲ್ಲಿ ಡಿಸ್ಕೋ ಡ್ರಮ್ಮು ಬಾರಿಸಿತಂತೆ. ಮನೆಯ ಯಜಮಾನರು ಪಂಚೆಯಲ್ಲೇ ಅಂಗಡಿಗೆ ಬಂದು ನನ್ನ ಜನ್ಮ ಜಾಲಾಡಿದರು. ಸಾಹೇಬರು ಅವರಿಗೆ ಕೈಮುಗಿದು, ಬೇರೆ ಕ್ಯಾಸೆಟ್ಟು ಮಾಡಿಕೊಟ್ಟು ಕಳಿಸಿ, ನನ್ನ ಕಡೆ ತಿರುಗಿದರು.

"ಅರೆ ರುದ್ರೇಶ್, ನಿಂಗೆ ಅಲ್ಲಾ ಎರಡು ಕಿವಿ ಕೊಟ್ಟಿದಾನೆ. ಕವರ್ ಯಾಕೆ ನೋಡ್ತೀಯಾ? ಕೇಳು. ಮೊದ್ಲು ಕೇಳು, ಆಮೇಲೆ ಮಾಡು."

ನಮ್ಮ ಕಸುಬಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಆ ಪಾಠವನ್ನು ನಾನು ಅಂದೇ ಕಲಿತಿದ್ದರೆ ಈ ಬರಹಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮಲ್ಲಿ ಸ್ವೀಡನ್ ದೇಶದ ಒಂದು ಗುಂಪಿನ ಇಂಗ್ಲಿಷ್ ಹಾಡುಗಳಿಗೆ ವಿಪರೀತ ಗಿರಾಕಿ. ಇಬ್ಬರು ಹೆಂಗಸರು, ಮೂವರು ಗಂಡಸರು, ಮರದ ಮನೆಯೊಂದರ ಮುಂದೆ ಬಿಳೀ ಬಟ್ಟೆ ತೊಟ್ಟು ನಿಂತ ಫೋಟೋ. ಆ ಆಲ್ಬಮ್ಮನ್ನು ನಾನು ಎಷ್ಟು ಕ್ಯಾಸೆಟ್ಟಿಗೆ ಇಳಿಸಿದೆನೋ ಲೆಕ್ಕವಿಲ್ಲ. ಹತ್ತು ಹಾಡು, ಹತ್ತೂ ಇಂಗ್ಲಿಷು. ಎರಡನೇ ಮಗ್ಗುಲಿನ ಮೂರನೇ ಹಾಡಿನಲ್ಲಿ ಒಂದು ಗೀರು ಇತ್ತು, ಶಿವಮೊಗ್ಗದ ಅರ್ಧ ಹುಡುಗರು ಆ ಟಕ್ ಶಬ್ದವನ್ನೂ ಹಾಡಿನ ಭಾಗ ಅಂತಲೇ ತಿಳಿದಿದ್ದರು.

ಒಂದು ಭಾನುವಾರ ಭದ್ರಾವತಿಯ ನ್ಯೂ ಟೌನಿನಲ್ಲಿ ಅಲ್ಲಿನ ಒಂದು ಸಂಘದವರು ಪಾಶ್ಚಾತ್ಯ ಹಾಡಿನ ಸ್ಪರ್ಧೆ ಇಟ್ಟಿದ್ದರು. ಬಹುಮಾನ ರೇಡಿಯೋ ಇರುವ ಟೇಪ್‌ರೆಕಾರ್ಡರು, ನಾವು ಟೂ-ಇನ್-ಒನ್ ಎನ್ನುತ್ತಿದ್ದೆವಲ್ಲ, ಅದು. ನಿಯಮ ಒಂದೇ: ಹಾಡು ಬಿಡುಗಡೆಯಾದ ಪ್ಲೇಟಿನದೇ ಆಗಿರಬೇಕು, ಸ್ವಂತ ಕಟ್ಟಿದ್ದು ನಡೆಯದು. ಮೈಕು, ಸ್ಪೀಕರು ನಮ್ಮ ಅಂಗಡಿಯದು. ಹಾಡು ಯಾವ ಪ್ಲೇಟಿನದು ಎಂಬ ಜಗಳ ಬಂದರೆ ಇರಲಿ ಎಂದು ನನ್ನ ನೋಟ್‌ಬುಕ್ಕು, ಒಂದು ಹೊರೆ ಪ್ಲೇಟುಗಳನ್ನೂ ತರಿಸಿಕೊಂಡಿದ್ದರು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿದ್ದೆ.

ಕೊನೆಗೆ ಹಾಡಿದವಳು ಸೆಲ್ವಿ. ಪಿಯುಸಿ ಓದುವ ಹುಡುಗಿ. ಅವಳಪ್ಪ ಪಳನಿ ಅಲ್ಲಿನ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಅಡಿಗೆಯವನು, ಅವತ್ತು ಸಭಾಂಗಣದ ಹಿಂದುಗಡೆ ಟೀ ಕಾಯಿಸುತ್ತಿದ್ದ. ಸೆಲ್ವಿ ಕಣ್ಣು ಮುಚ್ಚಿ ಹಾಡಿದಳು. ಇಂಗ್ಲಿಷಲ್ಲ, ಇನ್ಯಾವುದೋ ಭಾಷೆ. ಮೊದಲು ಹುಡುಗರು ಕಿಸಕ್ಕೆಂದರು, ಆಮೇಲೆ ಸುಮ್ಮನಾದರು. ಹಾಡು ಅಷ್ಟು ಚೆನ್ನಾಗಿತ್ತು. ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ. ಮೈಕಿನ ಹಿಂದೆ ನಿಂತಿದ್ದ ನನಗೂ ಮೈ ಜುಮ್ಮೆಂದಿತ್ತು, ಸುಳ್ಳೇಕೆ ಹೇಳಲಿ.

ತೀರ್ಪುಗಾರರಲ್ಲಿ ಹಿರಿಯರಾಗಿದ್ದ ಮೇಷ್ಟ್ರು ಅವಳನ್ನು ಕೇಳಿದರು. "ಇದು ಯಾವ ಪ್ಲೇಟಿಂದಮ್ಮಾ?"

ಅವಳು ಆ ಸ್ವೀಡನ್ ಗುಂಪಿನ ಆಲ್ಬಮ್ಮಿನ ಹೆಸರು ಹೇಳಿದಳು. "ಎರಡನೇ ಸೈಡ್, ಕೊನೇ ಹಾಡು ಸಾರ್. ಗೆಸ್ಟ್ ಹೌಸಲ್ಲಿ ಸ್ವೀಡನ್ ಇಂಜಿನಿಯರ್ ಸಾರ್ ಇದ್ರಲ್ಲ, ಅವ್ರ ಮೇಡಮ್ ಹತ್ರ ಕ್ಯಾಸೆಟ್ ಇತ್ತು. ಮೇಡಮ್ಮೇ ಮಾತು ಹೇಳಿಕೊಟ್ರು."

"ಕ್ಯಾಸೆಟ್ ಎಲ್ಲಿದೆ?"

"ಅವ್ರು ಊರಿಗೆ ಹೋಗ್ವಾಗ ತಗೊಂಡು ಹೋದ್ರು ಸಾರ್."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಏನ್ರೀ ರುದ್ರೇಶ್, ಇದೆಯಾ?"

ಅದೇ ಆಲ್ಬಮ್ಮು ನನ್ನ ಹೊರೆಯಲ್ಲೇ ಇತ್ತು. ಕವರನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ನೋಟ್‌ಬುಕ್ಕನ್ನೂ ತೆರೆದೆ. "ಇಲ್ಲ ಸಾರ್. ಹತ್ತು ಹಾಡು, ಹತ್ತೂ ಇಂಗ್ಲಿಷು. ಅಂಥ ಹಾಡೇ ಇಲ್ಲ. ಈ ಹುಡುಗಿ ಕಥೆ ಕಟ್ತಿದಾಳೆ" ಎಂದೆ. ಮೈಕು ಆರಿಸಿರಲಿಲ್ಲ. ಮೈಕಿನವನು ನಾನೇ. ಮಾತು ಸಭಾಂಗಣದ ಕೊನೆಯ ಬೆಂಚಿನವರೆಗೂ, ಟೀ ಕಾಯಿಸುತ್ತಿದ್ದ ಪಳನಿಯವರೆಗೂ ಹೋಯಿತು.

ಹುಡುಗರು ಹೋ ಎಂದು ಕೂಗಿದರು. ಬಹುಮಾನ ಎರಡನೆಯವನಿಗೆ ಹೋಯಿತು. ಅವನು ಹಾಡಿದ್ದು ನಾನೇ ಕ್ಯಾಸೆಟ್ಟಿಗೆ ಇಳಿಸಿಕೊಟ್ಟಿದ್ದ ಹಾಡು, ಅದರ ಬಗ್ಗೆಯೂ ಒಳಗೊಳಗೆ ಹೆಮ್ಮೆಪಟ್ಟೆ. ಅಷ್ಟರಲ್ಲಿ ಪಳನಿ ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ವೇದಿಕೆಯ ಹತ್ತಿರ ಬಂದ.

"ಅಣ್ಣನ ಹತ್ರ ತಪ್ಪಾಯ್ತು ಅನ್ನು, ಸೆಲ್ವಿ."

"ನಾನು ಸುಳ್ಳು ಹೇಳಿಲ್ಲಪ್ಪಾ."

"ಅವ್ರು ಪ್ಲೇಟೇ ತೋರಿಸ್ತಾ ಇದಾರಲ್ಲಮ್ಮಾ. ರುದ್ರೇಶಣ್ಣ ಯಾಕೆ ಸುಳ್ಳು ಹೇಳ್ತಾರೆ? ಅವ್ರಿಗೇನು ಬರುತ್ತೆ?"

ಅವಳು ತಪ್ಪಾಯ್ತು ಎನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು, ಅಳಲೂ ಇಲ್ಲ. ಪಳನಿಯೇ ನನಗೆ ಕೈಮುಗಿದ.

ಅದೇ ವಾರ ಪಳನಿ ಶಿವಮೊಗ್ಗದ ಅಂಗಡಿಗೆ ಬಂದ, ಕೈಯಲ್ಲಿ ತಾನೇ ಮಾಡಿದ ಮೈಸೂರುಪಾಕಿನ ಡಬ್ಬಿ. "ಮಗು ಬುದ್ಧಿ ಇಲ್ದೆ ಮಾಡ್ತು ಸಾರ್. ಮನಸ್ಸಲ್ಲಿ ಇಟ್ಕೋಬೇಡಿ. ಇನ್ಮೇಲೆ ಹಾಡೋದು ಬೇಡ ಅಂತ ಹೇಳಿದೀನಿ" ಎಂದ. ಇರಲಿ ಬಿಡಪ್ಪ, ಮಕ್ಕಳು ಅಂದ್ಮೇಲೆ ಹಾಗೇ ಎಂದು ನಾನು ದೊಡ್ಡ ಮನುಷ್ಯನ ಗತ್ತಿನಲ್ಲಿ ಹೇಳಿದೆ. ಮೈಸೂರುಪಾಕನ್ನೂ ತಿಂದೆ. ತುಂಬ ಚೆನ್ನಾಗಿತ್ತು. ಸಾಹೇಬರು ಮಾತ್ರ ಒಂದು ತುಂಡನ್ನೂ ಮುಟ್ಟಲಿಲ್ಲ.

"ನಮ್ಮ ಪ್ಲೇಟಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ ಅಂತಾನಾ?" ಎಂದು ಕೇಳಿದರು.

"ಒಂದೇ ಆಲ್ಬಮ್ ಸಾಹೇಬ್ರೇ. ದೇಶಕ್ಕೊಂದು ಥರ ಇರುತ್ತಾ?"

"ಆ ಮೇಡಮ್ಮು ತಂದಿದ್ದು ನಮ್ಮ ಬಜಾರಿಂದ ಅಲ್ವಲ್ಲ, ಅವ್ರ ಊರಿಂದ. ನೀನು ಹಾಡು ಕೇಳಿದ್ಯಲ್ಲ, ಹಾಡಿದ್ದು ಆ ಗುಂಪಿನವರ ಥರ ಇತ್ತೋ ಇಲ್ವೋ?"

ನಾನು ಕ್ಯಾಸೆಟ್ಟುಗಳನ್ನು ಜೋಡಿಸತೊಡಗಿದೆ. ಇತ್ತು. ರಾಗ ಏರುವ ರೀತಿ, ಕೊನೆಯಲ್ಲಿ ಇಬ್ಬರು ಹೆಂಗಸರೂ ಸೇರಿ ಎಳೆಯುವ ಜಾಗವನ್ನು ಅವಳೊಬ್ಬಳೇ ಎಳೆದ ರೀತಿ, ಎಲ್ಲ ಅವರದೇ. ನನ್ನ ಕಿವಿಗೆ ಆವತ್ತೇ ಗೊತ್ತಾಗಿತ್ತು. ಆದರೆ ನಾನು ಕಿವಿಯ ಮಾತು ಕೇಳದೆ ಕವರಿನ ಮಾತು ಕೇಳಿದೆ.

ಆರು ವರ್ಷ ಆಯಿತು. ಪ್ಲೇಟುಗಳ ಕಾಲ ಮುಗಿಯುತ್ತಾ ಬಂದಿತ್ತು, ಕಂಪನಿಗಳೇ ಕ್ಯಾಸೆಟ್ಟು ತುಂಬಿ ಅಗ್ಗಕ್ಕೆ ಮಾರುತ್ತಿದ್ದವು. ನಮ್ಮ ಅಂಗಡಿಯಲ್ಲಿ ರೆಕಾರ್ಡಿಂಗ್ ಕಡಿಮೆಯಾಗಿ ಕ್ಯಾಸೆಟ್ಟು ಮಾರಾಟ ಜಾಸ್ತಿಯಾಗಿತ್ತು. ಆದರೂ ಸಾಹೇಬರು ಮುಂಬೈಯಿಂದ ಬರುವ ಹಳೇ ಪ್ಲೇಟುಗಳ ಗಂಟು ತರಿಸುವುದು ಬಿಟ್ಟಿರಲಿಲ್ಲ. ಒಂದು ದಿನ ಮಧ್ಯಾಹ್ನ ಅಂಥದ್ದೊಂದು ಗಂಟಿನಲ್ಲಿ ಅದೇ ಮರದ ಮನೆಯ ಫೋಟೋ ಕಂಡಿತು. ಅದೇ ಆಲ್ಬಮ್ಮು, ಆದರೆ ಕಾಗದ ದಪ್ಪ, ಬಣ್ಣ ಹೊಳಪು. ಹಿಂಬದಿಯಲ್ಲಿ ಸ್ವೀಡನ್ನಿನಲ್ಲಿ ತಯಾರಾದದ್ದು ಎಂದು ಅಚ್ಚಾಗಿತ್ತು. ಎರಡನೇ ಮಗ್ಗುಲಿನ ಕೊನೆಯ ಹೆಸರು ಇಂಗ್ಲಿಷಾಗಿರಲಿಲ್ಲ. ಒಂದು ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕಿ ಇದ್ದವು.

ಪ್ಲೇಟು ಹಾಕಿದೆ. ಮುಳ್ಳನ್ನು ಕೊನೆಯ ಹಾಡಿಗೆ ಇಟ್ಟೆ. ಎರಡನೇ ಸಾಲಿಗೆ ಬರುವ ಹೊತ್ತಿಗೆ ಗೊತ್ತಾಗಿಹೋಯಿತು. ಸೆಲ್ವಿ ಹಾಡಿದ್ದು ಅಕ್ಷರಕ್ಕೆ ಅಕ್ಷರ ಅದೇ. ಅವರು ತಮ್ಮ ದೇಶದ ಜನಕ್ಕೆ ತಮ್ಮ ಭಾಷೆಯ ಒಂದು ಹಾಡು ಇಟ್ಟು, ಹೊರಗಿನವರಿಗೆ ಕಳಿಸುವಾಗ ಅದರ ಜಾಗಕ್ಕೆ ಇನ್ನೊಂದು ಇಂಗ್ಲಿಷ್ ಹಾಡು ಹಾಕಿದ್ದರು. ಇಷ್ಟೇ ವಿಷಯ.

ಸಾಹೇಬರು ನಿಂತೇ ಕೇಳಿದರು. ಹಾಡು ಮುಗಿದ ಮೇಲೆ ಒಳಕವರು ತೆಗೆದುಕೊಂಡು ಪೆನ್ಸಿಲಿನಿಂದ ತಾರೀಖು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಭದ್ರಾವತಿ ಪಳನಿ ಮಗಳಿಗೆ ತೋರಿಸುವುದು."

"ಇವತ್ತೇ ಹೋಗು" ಎಂದರು. "ಅಪ್ಪ ಮಗಳು ಇಬ್ರನ್ನೂ ಕೂರ್ಸಿ ಹೇಳು. ಭದ್ರಾವತಿ ಏನು ಲಂಡನ್ನಾ?"

ಹೋಗ್ತೀನಿ ಎಂದೆ. ಆ ಪ್ಲೇಟನ್ನು ಬ್ಯಾಗಿಗೆ ಹಾಕಿಕೊಂಡು ಭದ್ರಾವತಿ ಬಸ್ಸೇ ಹತ್ತಿದೆ. ಅದರಲ್ಲೇನು ವಿಶೇಷ, ನಾನು ದಿನಾ ಮನೆಗೆ ಹೋಗುತ್ತಿದ್ದುದೇ ಭದ್ರಾವತಿ ಬಸ್ಸಿನಲ್ಲಿ. ಮಲವಗೊಪ್ಪ ಬಂತು. ಏಳಬಾರದು ಅಂದುಕೊಂಡೇ ಎದ್ದೆ, ಇಳಿದೆ. ನಾಳೆ ಹೋದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ. ಸಾಹೇಬರು ಎರಡು ತಿಂಗಳು ಕೇಳಿದರು, "ಹೋಗಿದ್ಯಾ?" ಅಂತ. ಆಮೇಲೆ ಕೇಳುವುದು ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅವರು ನನಗೆ ಬೈಯುವುದನ್ನೂ ಬಿಟ್ಟರು.

ಯಾಕೆ ಹೋಗಲಿಲ್ಲ? ನಾಚಿಕೆ, ಮಾರಾಯ್ರೇ, ನಾಚಿಕೆ. ರುದ್ರೇಶಣ್ಣ ಹೇಳಿದ ಮೇಲೆ ಮುಗೀತು ಎನ್ನುವ ಹೆಸರಿತ್ತಲ್ಲ, ಅದು ಹೋಗುತ್ತದೆ ಎಂಬ ಭಯ. ಒಂದು ಅಂಗಡಿಯ ಕ್ಯಾಸೆಟ್ಟಿನವನ ಹೆಸರು ಎಷ್ಟು ದೊಡ್ಡದು ಹೇಳಿ! ಆ ಪ್ಲೇಟನ್ನು ನನ್ನ ನೋಟ್‌ಬುಕ್ಕಿನಲ್ಲಿ ನಾನು ಬರೆಯಲೇ ಇಲ್ಲ. ಮನೆಯ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಹೆಂಡತಿ ಇದ್ಯಾಕೆ ಇಲ್ಲಿ ಎಂದದ್ದಕ್ಕೆ, ಬೆಲೆಬಾಳುವಂಥದ್ದು ಮುಟ್ಟಬೇಡ ಎಂದೆ.

ಆಮೇಲೆ ಒಮ್ಮೆ ಪಳನಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಚೆನ್ನಾಗಿದೀರಾ ಸಾರ್?" ಎಂದು ಓಡಿ ಬಂದ. ಸೆಲ್ವಿಗೆ ಮದುವೆಯಾಗಿದೆ, ನ್ಯೂ ಟೌನಿನಲ್ಲೇ ಇದ್ದಾಳೆ ಎಂದ. "ಈಗ್ಲೂ ಆ ಮಾತು ಬಂದ್ರೆ ನಾನು ಸುಳ್ಳು ಹೇಳಿಲ್ಲ ಅಂತಾಳೆ ಸಾರ್. ಹಟಮಾರಿ" ಎಂದು ನಕ್ಕ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬಸ್ಸು ಬಂತು, ಹತ್ತಿಬಿಟ್ಟೆ.

ಇಸ್ಮಾಯಿಲ್ ಸಾಹೇಬರು ತೀರಿಕೊಂಡರು. ಅವರ ಮಗ ಅಂಗಡಿಯನ್ನು ಮೊಬೈಲ್ ಅಂಗಡಿ ಮಾಡಿದ. ಅಲ್ಲೇ ಮೂಲೆಯಲ್ಲಿ ಕೂತು ಜನರ ಮೆಮೊರಿ ಕಾರ್ಡಿಗೆ ಹಾಡು ತುಂಬುವ ಕೆಲಸವನ್ನೂ ಕೆಲವು ವರ್ಷ ಮಾಡಿದೆ. ಸಾವಿರ ಹಾಡು ಐದು ನಿಮಿಷದಲ್ಲಿ ಹೋಗುತ್ತಿದ್ದವು, ಒಂದನ್ನೂ ಕೇಳುವ ಹಾಗಿರಲಿಲ್ಲ. ಅದು ನನಗೆ ಒಗ್ಗಲಿಲ್ಲ. ಬಿಟ್ಟು ಮನೆ ಸೇರಿದೆ.

ಹೋದ ತಿಂಗಳು ಸಂಧ್ಯಾಳ ಅಂಗಡಿಗೆ ಹೋಗಿದ್ದಾಗ ಅವಳು ಮೊಬೈಲಿನಲ್ಲಿ ಅದೇ ಆಲ್ಬಮ್ಮು ತೋರಿಸಿದಳು. "ನೋಡಿ ಅಂಕಲ್, ಇದಕ್ಕೆ ದೇಶಕ್ಕೊಂದು ಎಡಿಷನ್ ಇದೆ! ಸ್ವೀಡನ್ನಿನದ್ರಲ್ಲಿ ಕೊನೇ ಹಾಡೇ ಬೇರೆ. ನಿಮಗೆ ಗೊತ್ತಿತ್ತಾ?" ಎಂದಳು. ಅವಳು ಸಹಜವಾಗಿ ಕೇಳಿದ್ದು. ನಾನು ಬೀರುವಿನಲ್ಲಿ ಬಚ್ಚಿಟ್ಟದ್ದು ಈಗ ಎಲ್ಲರ ಜೇಬಿನಲ್ಲಿದೆ. ಇನ್ನು ಯಾರೋ ಹೋಗಿ ಸೆಲ್ವಿಗೆ ಹೇಳುವ ಮೊದಲು ನಾನೇ ಹೇಳಬೇಕು ಎಂದು ಮರುದಿನ ಬೆಳಿಗ್ಗೆ ಹೊರಟೆ. ಒಳ್ಳೆಯತನದಿಂದ ಹೋದೆ ಎಂದು ಯಾರೂ ತಿಳಿಯಬೇಡಿ.

ನ್ಯೂ ಟೌನಿನಲ್ಲಿ ಸೆಲ್ವಿ ಸಣ್ಣ ಹೋಟೆಲು ನಡೆಸುತ್ತಾಳೆ. ಬೆಳಗಿನ ಗಿರಾಕಿ ಮುಗಿದಿತ್ತು. ಹೆಸರು ಹೇಳಿದ ಕೂಡಲೇ ಗುರುತು ಹಿಡಿದಳು. ಮುಖ ಬಿಗಿಯಾಯಿತು, ಆದರೂ ಕೂರಿ ಎಂದಳು. ನಾನು ಮಾತಾಡದೆ ಪ್ಲೇಟನ್ನು ಮೇಜಿನ ಮೇಲೆ ಇಟ್ಟು, ಹಿಂಬದಿ ತಿರುಗಿಸಿ ಕೊನೆಯ ಹೆಸರಿನ ಮೇಲೆ ಬೆರಳಿಟ್ಟೆ.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಕವರನ್ನು ಎತ್ತಿಕೊಂಡಳು. ಆ ಹೆಸರನ್ನು ಓದಿದಳು. ನನಗೆ ಇವತ್ತಿಗೂ ಹಾಗೆ ಓದಲು ಬರುವುದಿಲ್ಲ.

"ಅವತ್ತು ನಾನು ಹೇಳಿದ್ದು ತಪ್ಪಮ್ಮಾ. ನೀನು ಹೇಳಿದ್ದೇ ಸರಿ" ಎಂದೆ.

"ಅದು ನಂಗೆ ಗೊತ್ತಣ್ಣಾ" ಎಂದಳು. "ಗೊತ್ತಾಗ್ಬೇಕಿದ್ದು ಅಪ್ಪಂಗೆ. ಅಪ್ಪ ಹೋಗಿ ಹದಿನೈದು ವರ್ಷ ಆಯ್ತು."

"ಮೊಬೈಲಲ್ಲಿ ಹುಡುಕ್ಲಿಲ್ವಾ ನೀನು?"

"ಹುಡುಕಿ ಯಾರಿಗೆ ತೋರಿಸ್ಲಿ? ಮೊಬೈಲ್ ಕೈಗೆ ಬರೋ ಹೊತ್ತಿಗೆ ಅಪ್ಪ ಇರ್ಲಿಲ್ಲ. ಆಸ್ಪತ್ರೇಲೂ ಹೇಳಿದ್ರು, ಸೆಲ್ವಿ, ಒಂದೇ ಒಂದ್ಸಲ ಒಪ್ಕೋ, ಬೈಯಲ್ಲ ಅಂತ. ಹೇಗೆ ಒಪ್ಕೊಳ್ಲಿ?"

ಕವರನ್ನು ಮೇಜಿನ ಮೇಲೆ ಇಟ್ಟಳು. ಆಮೇಲೆ ಕೇಳಿದಳು, "ಇದು ನಿಮಗೆ ಯಾವಾಗ ಸಿಕ್ತು?"

ಎಷ್ಟು ಸರಳ ಪ್ರಶ್ನೆ. ಅದಕ್ಕೆ ಉತ್ತರ ಹೇಳಲೆಂದೇ ನಾನು ಹೋಗಿದ್ದೆ. ಬಾಯಿಂದ ಬಂದದ್ದು, "ಹೋದ ತಿಂಗಳಮ್ಮಾ. ಹಳೇ ಸಾಮಾನಿನವನ ಹತ್ರ."

ಅವಳ ಬಿಗಿದ ಮುಖ ಸಡಿಲವಾಯಿತು. "ಸಿಕ್ಕಿದ ತಕ್ಷಣ ಬಂದ್ರಲ್ಲ, ಸಾಕು. ಅಪ್ಪ ಹೇಳ್ತಿದ್ರು, ರುದ್ರೇಶಣ್ಣ ಸುಳ್ಳು ಹೇಳೋರಲ್ಲ ಅಂತ. ಆವಾಗ ನಂಗೆ ಮೈ ಉರೀತಿತ್ತು. ಅಪ್ಪ ಹೇಳಿದ್ದು ಸರಿ, ನಿಮಗೂ ಗೊತ್ತಿರ್ಲಿಲ್ಲ, ಅಷ್ಟೆ" ಎಂದಳು. ಇಡ್ಲಿ ತಂದಿಟ್ಟಳು. ಮೈಸೂರುಪಾಕು ತಿಂದವನು ಇಡ್ಲಿಯನ್ನೂ ತಿಂದೆ. ಪ್ಲೇಟು ನಿನಗೇ ಇರಲಿ, ಕೇಳಬೇಕೆಂದರೆ ರಾಗಿಗುಡ್ಡದ ಹತ್ತಿರ ಸಂಧ್ಯಾಳ ಅಂಗಡಿಯಲ್ಲಿ ಪ್ಲೇಯರ್ ಇದೆ ಎಂದು ಫೋನ್ ನಂಬರು ಕೊಟ್ಟು, ನನ್ನದನ್ನೂ ಕೊಟ್ಟು ಎದ್ದೆ. ಅವಳು ರಸ್ತೆಯವರೆಗೂ ಬಂದು ಬಸ್ಸು ಹತ್ತಿಸಿದಳು.

ಬಸ್ಸು ಹೊರಟ ಮೇಲೆ ನೆನಪಾಯಿತು. ಒಳಕವರು. ಸಾಹೇಬರ ಪೆನ್ಸಿಲ್. ಇಷ್ಟು ವರ್ಷ ಬೀರುವಿನಿಂದ ಆ ಪ್ಲೇಟನ್ನು ತೆಗೆದು ನೋಡದೆ ಇದ್ದುದಕ್ಕೆ ಆ ಸಾಲೂ ಒಂದು ಕಾರಣ, ಅದನ್ನೇ ಮರೆತು ಕೊಟ್ಟುಬಂದಿದ್ದೆ. ಮಲವಗೊಪ್ಪದಲ್ಲಿ ಇಳಿದಾಗ ಎದುರಿಗೆ ಭದ್ರಾವತಿ ಕಡೆಯ ಬಸ್ಸು ಬಂದು ನಿಂತಿತು. ಕಂಡಕ್ಟರು, "ಬರ್ತೀರಾ ಯಜಮಾನ್ರೇ?" ಎಂದ. ಇಲ್ಲಪ್ಪ ಎಂದು ಮನೆಗೆ ಬಂದೆ.

ಮೂವತ್ತು ವರ್ಷ, ನಲವತ್ತು ವರ್ಷ ಹಳೆಯ ಕ್ಯಾಸೆಟ್ಟು ಹಿಡಿದು ನಿಮ್ಮ ಅಂಗಡಿಗೆ ಬರುವವರು ಏನನ್ನೋ ಇದೆ ಎನ್ನುತ್ತಾರೆ, ಸಂಧ್ಯಾ. ನಿಮ್ಮ ಲಿಸ್ಟಿನಲ್ಲಿ ಇಲ್ಲದಿದ್ದರೂ ಪೂರ್ತಿ ಕೇಳಿ. ತಪ್ಪಿದ್ದು ತಿಳಿದರೆ ಅಂದೇ ಬಸ್ಸು ಹತ್ತಿ, ಹತ್ತಿದ ಮೇಲೆ ನಡುವೆ ಇಳಿಯಬೇಡಿ. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಹೇಳಿಕೊಡಲು ಇರುವುದು ಇಷ್ಟೇ. ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು ನಿಮಗೆ ಈಗಾಗಲೇ ಬರುತ್ತದೆ.

ಮೊನ್ನೆ ಬುಧವಾರ ಸೆಲ್ವಿ ಸಂಧ್ಯಾಳ ಅಂಗಡಿಗೆ ಹೋಗಿ ಹಾಡು ಕೇಳಿದ್ದಾಳೆ. ಮಧ್ಯಾಹ್ನ ನನ್ನ ಮೊಬೈಲಿಗೆ ಒಳಕವರಿನ ಮೂಲೆಯ ಫೋಟೋ ಬಂತು, ಸಾಹೇಬರ ಅಕ್ಷರ ಸ್ವಲ್ಪವೂ ಮಾಸಿರಲಿಲ್ಲ. ಕೆಳಗೆ ಒಂದೇ ಸಾಲು ಬರೆದಿದ್ದಳು.

"ಈ ತಾರೀಖಿಗೆ ಅಪ್ಪ ಇದ್ರು ಅಣ್ಣಾ."